ಗಂಜಿನ ಓಣಿಯ ಖಾನಾವಳಿ: ಬಿಸಿ ರೊಟ್ಟಿ, ಕಲ್ಲಿನ ಕಟ್ಟೆ, ಪಕ್ಕದ ಕಿಟಕಿ

ಕಲಬುರಗಿಯ ನೆಹರು ಗಂಜಿನ ಹಿಂಬದಿಯಲ್ಲಿ, ತೊಗರಿ ಚೀಲ ತುಂಬಿದ ಟೆಂಪೋಗಳು ಒಂದರ ಬೆನ್ನಿಗೊಂದು ನಿಲ್ಲುವ ಓಣಿಯಲ್ಲಿ, ಹೆಸರಿನ ಫಲಕವಿಲ್ಲದ ಖಾನಾವಳಿಯೊಂದಿದೆ. ರೊಟ್ಟಿ ಊಟ ಎಲ್ಲಿ ಸಿಗುತ್ತದೆ ಎಂದು ಯಾವ ಹಮಾಲರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಕಳೆದ ಎರಡು ತಿಂಗಳಲ್ಲಿ ನಾನು ಅಲ್ಲಿಗೆ ಆರು ಸಲ ಹೋಗಿದ್ದೇನೆ. ಐದು ಸಲ ಒಳಗೆ ಕುಳಿತು ಉಂಡಿದ್ದೇನೆ, ಒಂದು ಸಲ ಹೊರಗಿನ ಕಿಟಕಿಯಲ್ಲಿ ಊಟ ಕಟ್ಟಿಸಿಕೊಂಡು ನಿಂತೇ ತಿಂದಿದ್ದೇನೆ. ಆ ಆರನೆಯ ಊಟವನ್ನು ಮಾಡದೆ ಇದ್ದಿದ್ದರೆ ಈ ವಿಮರ್ಶೆ ಬರಿಯ ಹೊಗಳಿಕೆಯಾಗುತ್ತಿತ್ತು.

ಮೊದಲು ಊಟದ ವಿಷಯ. ತೊಂಬತ್ತು ರೂಪಾಯಿಗೆ ಎರಡು ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ಅಥವಾ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಒಂದು ಹಿಡಿ ಅನ್ನ ಮತ್ತು ಖಾರಬ್ಯಾಳಿ ಬರುತ್ತವೆ. ಜೋಳ ಹಿಂಗಾರಿಯ ಮಾಲದಂಡಿ; ಕುದಿನೀರಿನಲ್ಲಿ ನಾದಿದ ಹಿಟ್ಟನ್ನು ಕೈಯಲ್ಲೇ ಬಡಿದು, ಹಂಚಿನ ಮೇಲೆ ಹಾಕಿ ನೀರು ಸವರಿ, ಕೊನೆಗೆ ಬೆಂಕಿಗೆ ಒಡ್ಡಿ ಉಬ್ಬಿಸುತ್ತಾರೆ. ಪುಂಡಿ ಪಲ್ಯದ ಹುಳಿ ಹದವಾಗಿದೆ, ತೊಗರಿಬೇಳೆ ಕರಗಿ ಹೋಗುವಷ್ಟು ಬೆಂದಿರುವುದಿಲ್ಲ. ಎಣ್ಣೆಗಾಯಿಗೆ ಮಾತ್ರ ಎಣ್ಣೆ ಹೆಚ್ಚು, ಉಪ್ಪು ಎರಡು ಸಲ ಜಾಸ್ತಿಯಾಗಿತ್ತು. ಕೈ ತೊಳೆಯುವ ನಲ್ಲಿ ಒಂದೇ ಇದ್ದು, ಊಟದ ಹೊತ್ತಿನಲ್ಲಿ ಅಲ್ಲಿ ನೂಕುನುಗ್ಗಲು. ಇಷ್ಟನ್ನು ಹೇಳಿದರೆ ಈ ಊರಿನ ಹತ್ತಾರು ಖಾನಾವಳಿಗಳ ಬಗ್ಗೆ ಹೇಳಿದಂತೆಯೇ ಆಯಿತು.

ಇದನ್ನು ಉಳಿದವುಗಳಿಂದ ಬೇರೆ ಮಾಡುವುದು ಕೂಡುವ ವ್ಯವಸ್ಥೆ. ಮೇಜು ಕುರ್ಚಿಗಳಿಲ್ಲ. ಶಹಾಬಾದ ಕಲ್ಲಿನ ಉದ್ದನೆಯ ಕಟ್ಟೆಯೊಂದು ಅಡುಗೆಮನೆಗೆ ಎದುರಾಗಿ ಸಾಗಿ, ಗೋಡೆಯ ಬಳಿ ಮೊಣಕೈಯಂತೆ ತಿರುಗುತ್ತದೆ. ಅದರ ಮುಂದೆ ಹದಿನಾರು ಸ್ಟೂಲುಗಳಿವೆ. ಬಂದವರು ಖಾಲಿ ಇದ್ದ ಸ್ಟೂಲಿನ ಮೇಲೆ ಕೂಡಬೇಕು, ಎರಡು ಸ್ಟೂಲು ಬಿಟ್ಟು ದೂರ ಕೂಡುವಂತಿಲ್ಲ. ಮೊದಲ ದಿನ ನಾನು ಗಿರಾಕಿಗಳ ನಡುವೆ ಒಂದೇ ಒಂದು ಸ್ಟೂಲು ಖಾಲಿ ಇರುವುದನ್ನು ಕಂಡು, ಮೂಲೆ ಖಾಲಿಯಾಗಲಿ ಎಂದು ನಿಂತಿದ್ದಾಗ ಖಾನಾವಳಿ ನಡೆಸುವ ಅಕ್ಕ ರೊಟ್ಟಿ ಬಡಿಯುತ್ತಲೇ, “ನಿಂದರಬ್ಯಾಡ್ರಿ ಸರ, ಜಾಗ ಎಲ್ಲಿ ಅದ ಅಲ್ಲೇ ಕೂಡ್ರಿ,” ಎಂದರು. ನನ್ನ ಎಡಕ್ಕೆ ಅಡತಿ ಅಂಗಡಿಯ ಮುನೀಮರು, ಬಲಕ್ಕೆ ಮೈಮೇಲೆ ತೊಗರಿಯ ಧೂಳು ಹೊತ್ತ ಹಮಾಲ. ಸ್ಟೀಲ್ ಲೋಟಗಳು ಒಂದೇ ಬುಟ್ಟಿಯಲ್ಲಿದ್ದವು. ಎಲ್ಲರೂ ಅದರಿಂದಲೇ ತೆಗೆದುಕೊಳ್ಳುತ್ತಿದ್ದರು.

ಊಟದ ವಿಮರ್ಶೆಯಲ್ಲಿ ಲೋಟದ ಬುಟ್ಟಿಯನ್ನು ಎಣಿಸುವುದು ವಿಚಿತ್ರವೆಂದು ಯಾರಾದರೂ ಭಾವಿಸಬಹುದು. ನನಗೆ ಆ ರೂಢಿ ಬಿದ್ದದ್ದು ಬಾಲ್ಯದಲ್ಲಿ. ನಮ್ಮ ಹಳ್ಳಿಯ ಚಹಾದಂಗಡಿಯಲ್ಲಿ ನಾನು ಒಳಗಿನ ಬೆಂಚಿನ ಮೇಲೆ ಕುಳಿತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದೆ. ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂಡುತ್ತಿದ್ದ ಗೆಳೆಯನು ಹೊರಗಿನ ಸೂರಿನಡಿ ಸಿಕ್ಕಿಸಿಟ್ಟ ಗ್ಲಾಸನ್ನು ತಾನೇ ತೆಗೆದು, ಮೇಲಿನಿಂದ ಹೊಯ್ಯಿಸಿಕೊಂಡು ಕುಡಿದು, ತಾನೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದನು. ದುಡ್ಡು ಇಬ್ಬರದೂ ಒಂದೇ ಡಬ್ಬಿಗೆ ಬೀಳುತ್ತಿತ್ತು. ನಾನು ಒಂದು ದಿನವೂ ಬೆಂಚಿನಿಂದ ಎದ್ದು ಹೊರಗೆ ಬಂದು ಅವನ ಜೊತೆ ಕುಡಿಯಲಿಲ್ಲ. ಮುಂದೆ ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ, ಅಮೆರಿಕದ ವರ್ಣಭೇದದ ಅಧ್ಯಾಯಕ್ಕೆ ಬಂದೊಡನೆ ನನ್ನ ಧ್ವನಿ ಅಗತ್ಯಕ್ಕಿಂತ ಏರುತ್ತಿದ್ದುದಕ್ಕೆ ಆ ಬೆಂಚೇ ಕಾರಣವಿರಬೇಕು.

ಈ ಖಾನಾವಳಿಯ ಕಟ್ಟೆಯ ಮುಂದೆ ಕುಳಿತೊಡನೆ ನೆನಪಾದದ್ದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೋ ಪಟ್ಟಣದಲ್ಲಿದ್ದ, ಹಲವು ಊರುಗಳಲ್ಲಿ ಶಾಖೆಗಳಿದ್ದ ವೂಲ್‌ವರ್ತ್ ಅಂಗಡಿ. ಅಲ್ಲಿಯ ಊಟದ ಕಟ್ಟೆಯೂ ಹೀಗೆಯೇ ಮೊಣಕೈಯಂತೆ ತಿರುಗಿತ್ತು, ಸ್ಟೂಲುಗಳ ಸಾಲಿತ್ತು. ಹಲ್ಲುಜ್ಜುವ ಪೇಸ್ಟು, ನೋಟುಬುಕ್ಕು ಮಾರುವ ಕಡೆ ಕರಿಯರ ದುಡ್ಡಿಗೆ ಯಾವ ಮೈಲಿಗೆಯೂ ಇರಲಿಲ್ಲ. ಅದೇ ಸೂರಿನಡಿಯ ಊಟದ ಕಟ್ಟೆಯ ಮುಂದೆ ಮಾತ್ರ ಅವರು ಕೂಡುವಂತಿರಲಿಲ್ಲ. 1960ರ ಫೆಬ್ರುವರಿ 1ರಂದು ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್ ಎಂಬ ನಾಲ್ವರು, ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳು, ಮೊದಲು ಕೆಲವು ಸಣ್ಣ ಸಾಮಾನು ಕೊಂಡು ಪಾವತಿ ಚೀಟಿ ಇಟ್ಟುಕೊಂಡರು. ಆಮೇಲೆ ಹೋಗಿ ಸ್ಟೂಲುಗಳ ಮೇಲೆ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಆ ಚೀಟಿಯ ಉಪಾಯವನ್ನು ನಾನು ತರಗತಿಯಲ್ಲಿ ಯಾವಾಗಲೂ ಒತ್ತಿ ಹೇಳುತ್ತಿದ್ದೆ: ಆ ಕಟ್ಟೆಯಲ್ಲಿ ನಮ್ಮ ದುಡ್ಡು ಮುಟ್ಟಿದಿರಿ, ಈ ಕಟ್ಟೆಯಲ್ಲಿ ನಮ್ಮನ್ನೇಕೆ ಮುಟ್ಟುವುದಿಲ್ಲ ಎಂಬ ಪ್ರಶ್ನೆಗೆ ಆ ಕಾಗದದ ಚೂರೇ ಸಾಕ್ಷಿಯಾಗಿತ್ತು. ಮರುದಿನ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದರು, ವಾರ ಮುಗಿಯುವಷ್ಟರಲ್ಲಿ ನೂರಾರು ಮಂದಿ.

ಧರಣಿ ಎಂಬ ಪದ ನಮ್ಮ ಊರಿಗೆ ಹೊಸದಲ್ಲ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಶಾಮಿಯಾನ ಇಲ್ಲದ ವಾರ ಅಪರೂಪ. ಆದರೆ ಅವು ಅಧಿಕಾರದ ಬಾಗಿಲಲ್ಲಿ ಕೂಡುವ ಧರಣಿಗಳು. ಗ್ರೀನ್ಸ್‌ಬರೋದ ಹುಡುಗರು ಯಾವ ಕೆಲಸ ನಿಷಿದ್ಧವೋ ಅದನ್ನೇ ಸುಮ್ಮನೆ ಮಾಡಿದರು: ಊಟದ ಜಾಗದಲ್ಲಿ ಊಟಕ್ಕೆ ಕುಳಿತರು. ಘೋಷಣೆಯೂ ಇಲ್ಲ, ಮನವಿ ಪತ್ರವೂ ಇಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನ ಚವದಾರ ಕೆರೆಗೆ ಬಾಬಾಸಾಹೇಬ ಅಂಬೇಡ್ಕರರ ಹಿಂದೆ ಸಾವಿರಾರು ಜನ ನಡೆದುಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದದ್ದೂ ಇದೇ ಬಗೆಯದು. ಆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಎಂದು ಪುರಸಭೆ ಅದಕ್ಕೂ ಮೂರು ವರ್ಷ ಮೊದಲೇ ಠರಾವು ಮಾಡಿತ್ತು; ಠರಾವು ಕಾಗದದಲ್ಲಿತ್ತು, ನೀರು ಮಾತ್ರ ಮೇಲುಜಾತಿಯವರದಾಗಿಯೇ ಉಳಿದಿತ್ತು. ನೀರು ಕುಡಿದು ಮರಳುತ್ತಿದ್ದವರ ಮೇಲೆ ಅಂದು ದೊಣ್ಣೆಗಳು ಬಿದ್ದಾಗಲೂ ತಿರುಗಿ ಹೊಡೆಯದಂತೆ ಜನರನ್ನು ತಡೆದವರು ಅಂಬೇಡ್ಕರರೇ.

ಸುಮ್ಮನೆ ಕೂಡುವುದಕ್ಕೂ ತಾಲೀಮು ಬೇಕು ಎಂಬುದನ್ನು ಗ್ರೀನ್ಸ್‌ಬರೋಗಿಂತ ಚೆನ್ನಾಗಿ ತೋರಿಸಿದ್ದು ಟೆನ್ನೆಸಿಯ ನ್ಯಾಶ್‌ವಿಲ್ ನಗರ. ಅಲ್ಲಿ ವಿದ್ಯಾರ್ಥಿಗಳಿಗೆ ತಾಲೀಮು ಕೊಟ್ಟವರು ಜೇಮ್ಸ್ ಲಾಸನ್. ಕೊರಿಯಾ ಯುದ್ಧಕ್ಕೆ ಹೋಗಲೊಲ್ಲೆನೆಂದು ಜೈಲು ಸೇರಿ ಬಂದ ಈ ಪಾದ್ರಿ 1953ರಿಂದ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಗಾಂಧೀಜಿಯ ಸತ್ಯಾಗ್ರಹದ ವಿಧಾನವನ್ನು ಅಭ್ಯಾಸ ಮಾಡಿದರು. ನಮ್ಮ ಊರಿನಿಂದ ಪ್ರತಿವರ್ಷ ದೀಕ್ಷಾಭೂಮಿಗೆ ಹೋಗಿಬರುವ ಅನೇಕರಿಗೆ ನಾಗಪುರವೆಂದರೆ ಅಂಬೇಡ್ಕರರು ಬೌದ್ಧ ದೀಕ್ಷೆ ಪಡೆದ 1956ರ ಅಕ್ಟೋಬರ್ 14 ಮಾತ್ರ. ಅದೇ ನಗರದಲ್ಲಿ ಅದೇ ಕಾಲಕ್ಕೆ ಅಮೆರಿಕದ ಒಬ್ಬ ಕರಿಯ ತರುಣ ಪ್ರತ್ಯೇಕತೆಯ ವಿರುದ್ಧದ ಹೋರಾಟಕ್ಕೆ ಸಿದ್ಧನಾಗುತ್ತಿದ್ದ ಸಂಗತಿ ನನಗೆ ನಿವೃತ್ತಿಯ ಹೊಸ್ತಿಲಲ್ಲಿ ತಿಳಿಯಿತು, ತಡವಾಗಿ ತಿಳಿದದ್ದಕ್ಕೆ ನಾಚಿಕೆಯೂ ಆಯಿತು. ಲಾಸನ್ ಅವರ ತರಗತಿಗಳಲ್ಲಿ ಕೆಲವರು ಬಿಳಿಯ ಪುಂಡರಂತೆ ನಟಿಸಿ ಬೈಯುತ್ತಿದ್ದರು, ತಳ್ಳುತ್ತಿದ್ದರು. ಸ್ಟೂಲಿನ ಮೇಲೆ ಕುಳಿತವರು ಕದಲಬಾರದು. ಕೈಗೆ ಕೊಟ್ಟ ನಿಯಮಪತ್ರದಲ್ಲಿ ತಿರುಗಿ ಹೊಡೆಯಬಾರದು, ಬೈಯಬಾರದು, ಬಾಗಿಲಿಗೆ ಅಡ್ಡ ನಿಲ್ಲಬಾರದು, ನೆಟ್ಟಗೆ ಕುಳಿತು ಕಟ್ಟೆಗೇ ಮುಖ ಮಾಡಿರಬೇಕು ಎಂದಿತ್ತು. ಮುಂದೆ ಹೋರಾಟದ ಮುಂದಾಳುಗಳಾದ ಡಯೇನ್ ನ್ಯಾಶ್, ಜಾನ್ ಲೂಯಿಸ್ ಮೊದಲಾದವರು ಈ ತಾಲೀಮಿನಿಂದ ಬಂದವರು. ಫೆಬ್ರುವರಿ 27ರಂದು ಪುಂಡರು ಕುಳಿತವರನ್ನು ಹೊಡೆದಾಗ ಪೊಲೀಸರು ಬಂಧಿಸಿದ್ದು ಏಟು ತಿಂದ ವಿದ್ಯಾರ್ಥಿಗಳನ್ನು. ಊರಿನ ಕರಿಯರೆಲ್ಲ ಪೇಟೆಯ ಅಂಗಡಿಗಳಲ್ಲಿ ವ್ಯಾಪಾರ ನಿಲ್ಲಿಸಿದರು. ಮೇ 10ರಂದು ಆರು ಊಟದ ಕಟ್ಟೆಗಳು ತೆರೆದವು.

ಗ್ರೀನ್ಸ್‌ಬರೋದ ವೂಲ್‌ವರ್ತ್ ಸೋತು ಒಪ್ಪಿಕೊಂಡದ್ದು ಜುಲೈ 25ರಂದು. ಆ ದಿನ ಕಟ್ಟೆಯ ಮುಂದೆ ಮೊದಲು ಕುಳಿತು ಉಂಡವರು ಆ ನಾಲ್ವರು ವಿದ್ಯಾರ್ಥಿಗಳಲ್ಲ. ಅದೇ ಕಟ್ಟೆಯ ಹಿಂದೆ ಬಹುಕಾಲದಿಂದ ದುಡಿಯುತ್ತಿದ್ದ ಜಿನೀವಾ ಟಿಸ್‌ಡೇಲ್ ಮತ್ತು ಇತರ ಕರಿಯ ನೌಕರರು. ಅಡುಗೆ ಮಾಡುವ ಕೈ ಅಶುದ್ಧವಲ್ಲ, ಉಣ್ಣುವ ಬಾಯಿ ಅಶುದ್ಧ ಎಂಬ ಈ ತರ್ಕವನ್ನು ನಮ್ಮವರಿಗೆ ವಿವರಿಸುವ ಅಗತ್ಯವಿಲ್ಲ. ತೊಗರಿ ರಾಶಿ ಮಾಡುವ ಕೈಗಳನ್ನು ಅಂಗಳದಲ್ಲೇ ನಿಲ್ಲಿಸಿ ಊಟ ಹಾಕುವ ಮನೆಗಳನ್ನು ನಾನು ಕಂಡಿದ್ದೇನೆ.

ಗಂಜಿನ ಖಾನಾವಳಿಯ ಅಕ್ಕನನ್ನು ನೋಡಿದಾಗ ನನಗೆ ಇನ್ನೊಬ್ಬ ಹೆಂಗಸೂ ನೆನಪಾಗುತ್ತಾರೆ. 1955ರ ಡಿಸೆಂಬರ್ 5ರಂದು ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ ಬಸ್ಸಿನ ಆಸನಗಳಲ್ಲಿನ ವರ್ಣಭೇದದ ವಿರುದ್ಧ ಕರಿಯರು ಶುರುಮಾಡಿದ ಬಸ್ ಬಹಿಷ್ಕಾರ 381 ದಿನ ನಡೆಯಿತು. ರೋಸಾ ಪಾರ್ಕ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಹೆಸರುಗಳು ಪಠ್ಯಪುಸ್ತಕದಲ್ಲಿವೆ. ಅಷ್ಟು ದಿನ ಜನರನ್ನು ಕೆಲಸಕ್ಕೆ ಮುಟ್ಟಿಸಲು ಕಾರುಗಳು ಓಡಬೇಕಿತ್ತು, ಕಾರುಗಳಿಗೆ ಪೆಟ್ರೋಲ್ ಬೇಕಿತ್ತು, ಪೆಟ್ರೋಲಿಗೆ ದುಡ್ಡು ಬೇಕಿತ್ತು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಹೆಂಗಸು ಕೋಳಿ ಹುರಿದು, ಸಿಹಿ ಕಡುಬು ಬೇಯಿಸಿ, ತನ್ನಂಥ ಹೆಂಗಸರನ್ನು ಕೂಡಿಸಿಕೊಂಡು ಮಾರಿ, ಬಂದ ದುಡ್ಡನ್ನು ಸಭೆಗಳಲ್ಲಿ ಒಪ್ಪಿಸುತ್ತಿದ್ದರು. ಈ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ‘ಎಲ್ಲಿಂದಲೂ ಅಲ್ಲ’ ಎನ್ನಲು ಅನುಕೂಲವಾಗಲೆಂದು ತಮ್ಮ ಗುಂಪಿಗೆ ಅದೇ ಅರ್ಥದ ಹೆಸರಿಟ್ಟುಕೊಂಡಿದ್ದರು, ಏಕೆಂದರೆ ಅವರಲ್ಲಿ ಹಲವರು ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವರು. ಕಿಂಗ್ ಅವರ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಗಿಲ್ಮೋರ್ ಕೆಲಸ ಕಳೆದುಕೊಂಡು, ಮನೆಯಲ್ಲೇ ಊಟ ಹಾಕತೊಡಗಿದರು. ಅಹಿಂಸೆಯ ಚರಿತ್ರೆ ಬರೆಯುವವರು ಒಲೆಯ ಕಡೆ ನೋಡುವುದು ಕಡಿಮೆ. ನಮ್ಮಲ್ಲೂ 12ನೆಯ ಶತಮಾನದ ಕಲ್ಯಾಣದ ದಾಸೋಹವನ್ನು ಕೊಂಡಾಡುವಾಗ ಅಷ್ಟು ಜನಕ್ಕೆ ಬೀಸಿ ಬೇಯಿಸಿದವರು ಯಾರೆಂದು ಕೇಳುವುದಿಲ್ಲ.

ಅನ್ನವೇ ಆಯುಧವಾದದ್ದೂ ಉಂಟು. 1963ರ ಮೇ 28ರಂದು ಮಿಸಿಸಿಪಿಯ ಜಾಕ್ಸನ್ ನಗರದ ವೂಲ್‌ವರ್ತ್ ಕಟ್ಟೆಯಲ್ಲಿ ಕುಳಿತ ವಿದ್ಯಾರ್ಥಿಗಳ, ಅವರ ಜೊತೆ ಕುಳಿತ ಅಧ್ಯಾಪಕರ ತಲೆಯ ಮೇಲೆ ಗುಂಪು ಟೊಮೆಟೊ ಸಾಸ್, ಸಾಸಿವೆಯ ಗೊಜ್ಜು, ಸಕ್ಕರೆ ಸುರಿಯಿತು. ಒಬ್ಬನನ್ನು ಸ್ಟೂಲಿನಿಂದ ಕೆಳಗೆಳೆದು ತುಳಿಯಿತು. ಆ ದಿನದ ಚಿತ್ರದಲ್ಲಿ ಕುಳಿತವರು ಕಟ್ಟೆಗೇ ಮುಖ ಮಾಡಿದ್ದಾರೆ. ತರಗತಿಯಲ್ಲಿ ಅದನ್ನು ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಅಷ್ಟು ಅವಮಾನ ತಡಕೊಂಡು ಕೂಡಬೇಕಾದ್ರ ಒಂದು ಕಪ್ ಕಾಫಿ ಅಷ್ಟು ದೊಡ್ಡದೇನ್ರಿ ಸರ?” ಎಂದು ಕೇಳಿದ್ದ. ಹೀಗೆ ಕಟ್ಟೆಗಳಲ್ಲಿ ಕೂಡುತ್ತಿದ್ದ ವಿದ್ಯಾರ್ಥಿಗಳನ್ನು 1960ರಲ್ಲೇ ಒಂದುಗೂಡಿಸಿದ ಹೋರಾಟಗಾರ್ತಿ ಎಲಾ ಬೇಕರ್ ಇದಕ್ಕೆ ಮೊದಲೇ ಉತ್ತರ ಕೊಟ್ಟಿದ್ದರು: ಹುಡುಗರು ಕೇಳುತ್ತಿರುವುದು ಹ್ಯಾಂಬರ್ಗರ್‌ಗಿಂತ ದೊಡ್ಡದನ್ನು ಎಂದು. ನಾನು ಆ ಹುಡುಗನಿಗೆ ಅದನ್ನೇ ಹೇಳಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅವನ ಪ್ರಶ್ನೆಯಲ್ಲಿ ನನ್ನ ಉತ್ತರಕ್ಕಿಂತ ಹೆಚ್ಚು ಅನುಭವವಿತ್ತೆಂದು ಈಗ ಅನ್ನಿಸುತ್ತದೆ.

ಇನ್ನು ಆ ಕಿಟಕಿ. ಖಾನಾವಳಿಯ ಪಕ್ಕದ ಸಂದಿಗೆ ತೆರೆಯುವ ಸಣ್ಣ ಕಿಟಕಿಯೊಂದಿದ್ದು, ಪಾರ್ಸೆಲ್ ಅಲ್ಲಿಂದ ಕೊಡುತ್ತಾರೆ. ಅಂಗಡಿಗೆ ಊಟ ಒಯ್ಯುವ ಹುಡುಗರು, ಲಾರಿ ಬಿಟ್ಟು ಬರಲಾಗದ ಚಾಲಕರು ಅಲ್ಲಿ ನಿಲ್ಲುತ್ತಾರೆ, ಅದರಲ್ಲಿ ದೋಷವೇನಿಲ್ಲ. ನಾಲ್ಕನೆಯ ಭೇಟಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಗಂಜಿನ ಕಸ ಗುಡಿಸಿ ಮುಗಿಸಿದ ಪೌರಕಾರ್ಮಿಕ ಹೆಂಗಸರು ನಾಲ್ವರು ಸೀದಾ ಕಿಟಕಿಗೆ ಹೋದರು, ಊಟ ಕಟ್ಟಿಸಿಕೊಂಡರು, ಎದುರಿನ ಗೋದಾಮಿನ ಜಗುಲಿಯ ಮೇಲೆ ಕುಳಿತು ಉಂಡರು. ಒಳಗೆ ಆಗ ಏಳು ಸ್ಟೂಲು ಖಾಲಿ ಇದ್ದವು. ಮರುವಾರವೂ ಅದೇ. ಅಕ್ಕನನ್ನು ಕೇಳಿದೆ. ಅವರು ಕೈಯಲ್ಲಿನ ಹಿಟ್ಟು ಒರೆಸಿಕೊಳ್ಳುತ್ತ, “ನಾ ದಿನಾ ಒಳಗ ಬರ್ರಿ ಅಂತೀನ್ರಿ ಸರ. ಅವರೇ ಬರಂಗಿಲ್ಲ. ಬ್ಯಾರೆ ಗಿರಾಕಿ ಮಾರಿ ನೋಡ್ತಾರಂತ,” ಎಂದರು. ಅಕ್ಕನ ಮಾತು ಸುಳ್ಳೆಂದು ನನಗೆ ಅನ್ನಿಸಲಿಲ್ಲ.

ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಆಲಿಸ್ ಬಾರ್ಬೆಕ್ಯೂ ಎಂಬ ಹೋಟೆಲಿತ್ತು. ಅದರ 220 ಆಸನಗಳು ಬಿಳಿಯರಿಗೆ. ಕರಿಯರು ಕಟ್ಟಿಸಿಕೊಂಡು ಒಯ್ಯಬೇಕು. ಅಲ್ಲಿಯ 36 ನೌಕರರಲ್ಲಿ ಮೂರರಲ್ಲಿ ಎರಡು ಪಾಲು ಕರಿಯರೇ ಆಗಿದ್ದರು. 1964ರ ಜುಲೈ 2ರಂದು ಬಂದ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲುಗಳಲ್ಲಿ ಇಂಥ ಭೇದವನ್ನು ನಿಷೇಧಿಸಿದಾಗ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಆ ಹೋಟೆಲು ವರ್ಷಕ್ಕೆ ಕೊಳ್ಳುತ್ತಿದ್ದ ಸುಮಾರು 1,50,000 ಡಾಲರಿನ ಆಹಾರದಲ್ಲಿ ಶೇಕಡಾ 46ರಷ್ಟು ಮಾಂಸ ಹೊರರಾಜ್ಯದಿಂದ ಬಂದದ್ದು, ಆದ್ದರಿಂದ ಅಂತರರಾಜ್ಯ ವ್ಯಾಪಾರವನ್ನು ನಿಯಂತ್ರಿಸುವ ಸಂಸತ್ತಿನ ಅಧಿಕಾರಕ್ಕೆ ಅದು ಒಳಪಡುತ್ತದೆ ಎಂದು ಅಲ್ಲಿಯ ಸುಪ್ರೀಂ ಕೋರ್ಟು ಡಿಸೆಂಬರ್ 14ರಂದು ತೀರ್ಪು ಕೊಟ್ಟಿತು. ಮನುಷ್ಯರ ಘನತೆಯನ್ನು ಕಾಯಲು ಮಾಂಸದ ಲೆಕ್ಕದ ಆಸರೆ ಪಡೆಯಬೇಕಾಯಿತು. ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಕೆರೆ, ಬಾವಿಗಳ ಹೆಸರೆತ್ತಿ ಸ್ಪಷ್ಟವಾಗಿ ಬರೆದಿದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿದೆ. 1955ರಲ್ಲಿ ಶಿಕ್ಷೆಯ ಕಾಯ್ದೆಯೂ ಬಂತು. ಅಮೆರಿಕದಲ್ಲಿ ಜನ ಮೊದಲು ಕುಳಿತರು, ಕಾಯ್ದೆ ಆಮೇಲೆ ಬಂತು. ನಮ್ಮಲ್ಲಿ ಕಾಯ್ದೆ 1950ರಿಂದ ಕಾದು ಕುಳಿತಿದೆ, ಏಳು ಸ್ಟೂಲುಗಳು ಖಾಲಿ ಇವೆ. ಆಲಿಸ್ ಬಾರ್ಬೆಕ್ಯೂದಲ್ಲಿ ಕರಿಯರನ್ನು ಮಾಲೀಕರು ತಡೆಯುತ್ತಿದ್ದರು. ಇಲ್ಲಿ ಯಾರೂ ತಡೆಯುತ್ತಿಲ್ಲ, ಆದ್ದರಿಂದ ಯಾರ ಮೇಲೂ ದೂರು ಕೊಡಲಾಗದು. ಗಿರಾಕಿಗಳ ಮುಖಕ್ಕೆ ಯಾವ ಕಲಮು ಹಚ್ಚುವುದು?

ಆರನೆಯ ಸಲ ನಾನು ಕಿಟಕಿಯಲ್ಲಿ ನಿಂತೆ. ಊಟ ಅದೇ, ದರ ಎಂಬತ್ತು, ಮೊಸರಿಲ್ಲ, ಅನ್ನವಿಲ್ಲ. ಪಲ್ಯದ ಪ್ರಮಾಣದಲ್ಲಿ ಕೈ ಹಿಂದೆಗೆದಿಲ್ಲ. ರೊಟ್ಟಿ ಮಾತ್ರ ಖಡಕ್. ಬಿಸಿ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿದರೆ ಬೆವೆತು ಮುದ್ದೆಯಾಗುತ್ತದೆ, ಆದ್ದರಿಂದ ಕಿಟಕಿಗೆ ಯಾವಾಗಲೂ ಹಿಂದಿನ ದಿನ ಒಣಗಿಸಿದ ರೊಟ್ಟಿಯೇ ಬರುತ್ತದೆ. ಅಡುಗೆಯವರ ದೃಷ್ಟಿಯಿಂದ ಇದು ಸರಿಯಾದ ಕ್ರಮ, ಖಡಕ್ ರೊಟ್ಟಿಗೂ ಅದರದೇ ರುಚಿಯಿದೆ. ಆದರೆ ಈ ಖಾನಾವಳಿಯ ಹೆಸರು ನಿಂತಿರುವುದೇ ಹಂಚಿನಿಂದ ನೇರವಾಗಿ ತಟ್ಟೆಗೆ ಬೀಳುವ, ಬೆರಳು ಸುಡುವ ರೊಟ್ಟಿಯ ಮೇಲೆ. ಗೋದಾಮಿನ ಜಗುಲಿಯ ಮೇಲೆ ನನ್ನಿಂದ ಎರಡು ಮೊಳ ದೂರದಲ್ಲಿ ಉಣ್ಣುತ್ತಿದ್ದ ಹೆಂಗಸೊಬ್ಬರನ್ನು, “ಒಳಗಿನ ಬಿಸಿ ರೊಟ್ಟಿ ತಿಂದೀರೇನವ್ವ?” ಎಂದು ಕೇಳಿದೆ. “ನಾವು ಇದೇ ತಿಂತೀವ್ರಿ,” ಎಂದು ಅವರು ಸ್ವಲ್ಪ ಸರಿದು ಕುಳಿತರು. ನನಗೆ ಜಾಗ ಕೊಡಲೋ, ನನ್ನಿಂದ ದೂರವಾಗಲೋ ತಿಳಿಯಲಿಲ್ಲ.

ಹೀಗಾಗಿ ನನ್ನ ತೀರ್ಮಾನ ಎರಡು ತುಂಡಾಗಿದೆ. ಒಳಗಿನ ಕಟ್ಟೆಗೆ ಐದಕ್ಕೆ ನಾಲ್ಕೂವರೆ ಅಂಕ. ಅರ್ಧ ಅಂಕ ಕಳೆದದ್ದು ಎಣ್ಣೆಗಾಯಿಯ ಉಪ್ಪಿಗೆ. ಕಿಟಕಿಗೆ ಅಂಕ ಕೊಡುವುದಿಲ್ಲ, ಅದರಲ್ಲಿ ಅಕ್ಕನ ಪಾಲೆಷ್ಟು, ಸ್ಟೂಲಿನ ಮೇಲೆ ಕೂಡುವ ನಮ್ಮ ಪಾಲೆಷ್ಟು ಎಂದು ಬಿಡಿಸಲು ನನಗೆ ಸಾಧ್ಯವಾಗಿಲ್ಲ. ಅಕ್ಕನಿಗೆ ಒಂದು ಸಲಹೆ ಕೊಟ್ಟೆ: ಪೌರಕಾರ್ಮಿಕರು ಬರುವ ಹನ್ನೊಂದೂವರೆಯ ಹೊತ್ತಿಗೆ ಕಿಟಕಿಯನ್ನು ಮುಚ್ಚಿ, ಪಾರ್ಸೆಲ್ಲನ್ನೂ ಒಳಗಿನ ಕಟ್ಟೆಯಿಂದಲೇ ಕೊಡಬಹುದಲ್ಲ ಎಂದು. “ಮುಚ್ಚಿದ್ರ ಅವರು ಮುಂದಿನ ಓಣಿಗೆ ಹೋಗ್ತಾರ್ರಿ ಸರ,” ಎಂದರು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು, “ನೀವು ಆ ಹೊತ್ತಿಗೇ ಬಂದು ಅವರನ್ನ ಕರಕೊಂಡು ಒಳಗ ಬರ್ರಿ, ನಾ ಬಿಸಿ ಹಾಕ್ತೀನಿ,” ಎಂದರು.

ಖಾನಾವಳಿ ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ ತೆರೆದಿರುತ್ತದೆ. ಗಂಜಿಗೆ ರಜೆಯಿದ್ದ ದಿನ ಇದಕ್ಕೂ ರಜೆ. ಒಂದೂವರೆಯ ನಂತರ ಪುಂಡಿ ಪಲ್ಯ ಸಿಗುವುದಿಲ್ಲ. ಫೋನ್ ಮೂಲಕ ದುಡ್ಡು ಕೊಡಬಹುದು. ನಾನು ಬರುವ ಸೋಮವಾರ ಹನ್ನೊಂದೂಕಾಲಿಗೆ ಹೋಗುವವನಿದ್ದೇನೆ.